ಇಂಗ್ಲಿಷಿನಲ್ಲಿ ದೊಡ್ಡ ಸಂಖ್ಯೆಯನ್ನು ಅಕ್ಷರದಲ್ಲಿ ಬರೆಯುವಾಗ: ಲಕ್ಷಣ ನೋಡಿ ತಪ್ಪು ಹಿಡಿಯುವ ಕೈಪಿಡಿ

ಅಂಕಿಯಲ್ಲಿ ಬರೆದದ್ದು ಸರಿಯಿರುತ್ತದೆ, ಅಕ್ಷರದಲ್ಲಿ ಬರೆದದ್ದು ಕೈಕೊಡುತ್ತದೆ. ಚೆಕ್ಕು, ಕರಾರುಪತ್ರ, ಅರ್ಜಿ, ಪ್ರಬಂಧ, ವರದಿಯ ಅನುವಾದ, ಎಲ್ಲ ಕಡೆಯೂ ಇದೇ ಪಾಡು. ಅನುವಾದದ ಕರಡುಗಳನ್ನು ತಿದ್ದುತ್ತ ಬಂದಿರುವ ನನಗೆ ಒಂದು ಸಂಗತಿ ಮನದಟ್ಟಾಗಿದೆ: ಈ ತಪ್ಪುಗಳಲ್ಲಿ ಹೆಚ್ಚಿನವು ಕನ್ನಡ ಚೆನ್ನಾಗಿ ಬರುವುದರಿಂದಲೇ ಆಗುತ್ತವೆ. ನಮ್ಮ ಎಣಿಕೆಯ ಕಟ್ಟು ಕಿವಿಯಲ್ಲಿ ಭದ್ರವಾಗಿ ಕೂತಿರುತ್ತದೆ; ಕೈ ಅದನ್ನೇ ಇಂಗ್ಲಿಷ್ ಪದಗಳಲ್ಲಿ ಬರೆದುಬಿಡುತ್ತದೆ. ಸಂತೋಷದ ವಿಷಯವೆಂದರೆ ತಪ್ಪನ್ನು ಪತ್ತೆ ಮಾಡುವುದಕ್ಕೂ ಆ ಕಿವಿಯೇ ಸಾಕು. ಹೇಗೆಂದು ಮುಂದೆ ನೋಡೋಣ. ಸುಲಭದ ತಪಾಸಣೆಗಳು ಮೊದಲು, ತಲೆಕೆಡಿಸುವಂಥವು ಆಮೇಲೆ.

ಯಾವ ಲಕ್ಷಣವಿದ್ದರೂ ಮೊದಲು ಇಷ್ಟು ಮಾಡಿ

ಅರ್ಧ ನಿಮಿಷದ ಕೆಲಸ. ಸಂಖ್ಯೆಯನ್ನು ಒಂದು ಚೂರು ಕಾಗದದ ಮೇಲೆ ಅಂಕಿಯಲ್ಲಿ ಬರೆಯಿರಿ. ಹಳೆಯ ಅಲ್ಪವಿರಾಮಗಳನ್ನು ನಂಬದೆ ಬಲಗಡೆಯಿಂದ ನೀವೇ ಹೊಸದಾಗಿ ಹಾಕಿ. ಮಿಲಿಯನ್ ಪದ್ಧತಿಯಾದರೆ ಮೂರು ಮೂರು ಅಂಕಿಗೆ ಒಂದು. ಲಕ್ಷದ ಪದ್ಧತಿಯಾದರೆ ಮೊದಲು ಮೂರು ಅಂಕಿ, ಆಮೇಲೆ ಎರಡೆರಡು. 40715032 ಎಂಬ ಸಂಖ್ಯೆ ಮೊದಲನೆಯದರಲ್ಲಿ 40,715,032 ಆಗುತ್ತದೆ, ಎರಡನೆಯದರಲ್ಲಿ 4,07,15,032 ಆಗುತ್ತದೆ.

ಈಗ ಇದನ್ನು ರೈಲಿನ ಹಾಗೆ ನೋಡಿ. ಎರಡು ಅಲ್ಪವಿರಾಮಗಳ ನಡುವಿನದು ಒಂದು ಬೋಗಿ. ಪ್ರತಿ ಬೋಗಿಯನ್ನೂ ಸಾವಿರಕ್ಕಿಂತ ಕಡಿಮೆಯ ಒಂದು ಪುಟ್ಟ ಸಂಖ್ಯೆ ಎಂದು ಓದಿ, ಕೊನೆಗೆ ಬೋಗಿಯ ಹೆಸರು ಹೇಳಿದರೆ ಮುಗಿಯಿತು. ಕಟ್ಟಕಡೆಯ ಬೋಗಿಗೆ ಹೆಸರಿಲ್ಲ. ಮೇಲಿನ ಸಂಖ್ಯೆ ಮಿಲಿಯನ್ ಪದ್ಧತಿಯಲ್ಲಿ ‘ಫಾರ್ಟಿ ಮಿಲಿಯನ್ ಸೆವೆನ್ ಹಂಡ್ರೆಡ್ ಆ್ಯಂಡ್ ಫಿಫ್ಟೀನ್ ಥೌಸಂಡ್ ಆ್ಯಂಡ್ ಥರ್ಟಿ-ಟೂ’. ಲಕ್ಷದ ಪದ್ಧತಿಯಲ್ಲಿ ‘ಫೋರ್ ಕ್ರೋರ್ ಸೆವೆನ್ ಲಾಖ್ ಫಿಫ್ಟೀನ್ ಥೌಸಂಡ್ ಆ್ಯಂಡ್ ಥರ್ಟಿ-ಟೂ’.

ನೀವು ಬರೆದದ್ದು ಇದೇ ಕ್ರಮದಲ್ಲಿ ಬಂದಿದ್ದರೆ ಸಂಖ್ಯೆಯ ಬೆನ್ನೆಲುಬು ಗಟ್ಟಿಯಾಗಿದೆ ಎಂದರ್ಥ. ಉಳಿದ ತೊಂದರೆ ಚರ್ಮದ ಮೇಲಿನದು, ಮುಂದಿನ ಮೂರು ನಾಲ್ಕು ಭಾಗಗಳಲ್ಲಿ ಸಿಗುತ್ತದೆ. ಬೋಗಿಗಳೇ ಹೊಂದದಿದ್ದರೆ ಕಾಗುಣಿತ ತಿದ್ದುತ್ತ ಕೂರಬೇಡಿ, ಸೊನ್ನೆಯ ಭಾಗಕ್ಕೋ ಲಕ್ಷ-ಮಿಲಿಯನ್ ಭಾಗಕ್ಕೋ ನೇರವಾಗಿ ಹೋಗಿ.

ಲಕ್ಷಣ: ಪದದ ಕೆಳಗೆ ಕೆಂಪು ಗೆರೆ ಬರುತ್ತಿದೆ, ಅಥವಾ ಬರಬೇಕಾದಲ್ಲಿ ಬರುತ್ತಿಲ್ಲ

ಇದು ಬರೀ ಕಾಗುಣಿತದ ತೊಂದರೆ. ತಪ್ಪುವ ಪದಗಳು ಬೆರಳೆಣಿಕೆಯಷ್ಟು, ಅವನ್ನು ಒಮ್ಮೆ ನೆನಪಿಟ್ಟುಕೊಂಡರೆ ಆಯಿತು. ಎಲ್ಲಕ್ಕಿಂತ ಕುಖ್ಯಾತವಾದದ್ದು ನಲವತ್ತು. ಫೋರ್ ಮತ್ತು ಫೋರ್ಟೀನ್‌ಗಳಲ್ಲಿ ಇರುವ ಯು ಅಕ್ಷರ ಫಾರ್ಟಿಯಲ್ಲಿ ಇಲ್ಲ: ಎಫ್, ಓ, ಆರ್, ಟಿ, ವೈ. ಈ ಐದೂ ಅಕ್ಷರಗಳು ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲೇ ಒಂದರ ಹಿಂದೆ ಒಂದು ನಿಂತಿವೆ. ಹಾಗೆ ನಿಂತಿರುವ ಸಂಖ್ಯಾಪದ ಇಂಗ್ಲಿಷಿನಲ್ಲಿ ಇದೊಂದೇ. ನಡುವೆ ಯು ತೂರಿಸಿದರೆ ಸಾಲು ಕೆಡುತ್ತದೆ. ಇದಕ್ಕಿಂತ ಒಳ್ಳೆಯ ಜ್ಞಾಪಕಸೂತ್ರ ನನಗೆ ಗೊತ್ತಿಲ್ಲ.

ನೈನ್‌ನ ಕೊನೆಯ ಇ ಅಕ್ಷರ ನೈಂಟಿಯಲ್ಲೂ ನೈನ್‌ಟೀನ್‌ನಲ್ಲೂ ಉಳಿಯುತ್ತದೆ, ಒಂಬತ್ತನೆಯ ಎಂಬ ಅರ್ಥದ ನೈನ್ತ್‌ನಲ್ಲಿ ಮಾತ್ರ ಉದುರುತ್ತದೆ. ಎಂಟನೆಯ ಎಂಬರ್ಥದ ಪದದಲ್ಲಿ ಟಿ ಒಂದೇ ಸಾಕು. ಹನ್ನೆರಡನೆಯ ಎಂಬುದರಲ್ಲಿ ವಿ ಹೋಗಿ ಎಫ್ ಬರುತ್ತದೆ. ಹಂಡ್ರೆಡ್‌ನಲ್ಲಿ ಡಿ ಆದ ಕೂಡಲೇ ಆರ್, ನಡುವೆ ಇ ಇಲ್ಲ. ಕಂಪ್ಯೂಟರು ಹಿಡಿಯಲಾರದ ತಪ್ಪೂ ಒಂದಿದೆ: ನಾಲ್ಕನೆಯ ಎಂಬ ಪದದಲ್ಲಿ ಯು ಬಿಟ್ಟರೆ ‘ಮುಂದಕ್ಕೆ’ ಎಂಬ ಅರ್ಥದ ಬೇರೆಯೇ ಪದವಾಗುತ್ತದೆ. ಅದು ಸರಿಯಾದ ಪದವೇ ಆದ್ದರಿಂದ ಕೆಂಪು ಗೆರೆ ಬೀಳದೆ ಹೋಗಬಹುದು.

ಲಕ್ಷವನ್ನು ಎಲ್, ಎ, ಸಿ ಎಂದು ಬರೆಯುವವರು ಇಂದಿಗೂ ಇದ್ದಾರೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಅರಗು ಎಂಬ ಅರ್ಥವಿದೆ, ಸಂಸ್ಕೃತದ ಲಾಕ್ಷಾದಿಂದ ಬಂದದ್ದು. ಪಾಂಡವರ ಅರಗಿನ ಮನೆಯನ್ನು ಲೆಕ್ಕಕ್ಕೆ ತರುವ ಉದ್ದೇಶವಿಲ್ಲದಿದ್ದರೆ ಎಲ್, ಎ, ಕೆ, ಎಚ್ ಎಂದೇ ಬರೆಯಿರಿ.

ಲಕ್ಷಣ: ಓದುವವರು ಒಂದೇ ಸಂಖ್ಯೆಯನ್ನು ಎರಡಾಗಿ ಓದುತ್ತಿದ್ದಾರೆ

ಹೈಫನ್ ಬಿಟ್ಟುಹೋಗಿದೆ. 21ರಿಂದ 99ರವರೆಗೆ, ಸೊನ್ನೆಯಲ್ಲಿ ಮುಗಿಯುವವನ್ನು ಬಿಟ್ಟು, ಎಲ್ಲ ಸಂಖ್ಯೆಗಳಿಗೂ ನಡುವೆ ಹೈಫನ್ ಬೇಕು: ಟ್ವೆಂಟಿ-ಒನ್, ಸಿಕ್ಸ್ಟಿ-ಸೆವೆನ್, ನೈಂಟಿ-ನೈನ್. ಲೆಕ್ಕ ಹಾಕಿದರೆ ಒಟ್ಟು 72 ಸಂಖ್ಯೆಗಳು. ಸಂಖ್ಯೆ ಎಷ್ಟೇ ದೊಡ್ಡದಿರಲಿ, ಹೈಫನ್ ಇರುವುದು ಈ ಎರಡು ಪದಗಳ ನಡುವೆ ಮಾತ್ರ. ಹಂಡ್ರೆಡ್, ಥೌಸಂಡ್, ಮಿಲಿಯನ್‌ಗಳ ಅಕ್ಕಪಕ್ಕ ಹೈಫನ್ ಹಾಕುವ ಅಗತ್ಯವಿಲ್ಲ.

ಕನ್ನಡದಲ್ಲಿ ಇಪ್ಪತ್ತು ಮತ್ತು ಒಂದು ಸಂಧಿಯಾಗಿ ಇಪ್ಪತ್ತೊಂದು ಎಂಬ ಒಂದೇ ಪದವಾಗುತ್ತದೆ. ಹಾಗಾಗಿ ಈ ಪರೀಕ್ಷೆ: ಕನ್ನಡದಲ್ಲಿ ಸಂಧಿಯಾಗಿ ಅಂಟುವ ಕಡೆ ಇಂಗ್ಲಿಷಿನಲ್ಲಿ ಹೈಫನ್. ಹತ್ತೊಂಬತ್ತರವರೆಗಿನವು ಇಂಗ್ಲಿಷಿನಲ್ಲೂ ಒಂದೇ ಪದ, ಅವುಗಳ ಗೊಡವೆ ಬೇಡ.

ಇದು ಅಂದಚೆಂದದ ಪ್ರಶ್ನೆಯಷ್ಟೇ ಎಂದುಕೊಂಡಿದ್ದರೆ ಈ ಉದಾಹರಣೆ ನೋಡಿ. ‘ಥರ್ಟಿ ಟೂ-ಪೇಜ್ ಬುಕ್‌ಲೆಟ್ಸ್’ ಎಂದರೆ ಎರಡೆರಡು ಪುಟದ ಮೂವತ್ತು ಪುಸ್ತಿಕೆಗಳು. ‘ಥರ್ಟಿ-ಟೂ-ಪೇಜ್ ಬುಕ್‌ಲೆಟ್ಸ್’ ಎಂದರೆ ಮೂವತ್ತೆರಡು ಪುಟದ ಪುಸ್ತಿಕೆಗಳು, ಎಷ್ಟೆಂದು ಹೇಳಿಲ್ಲ. ಮುದ್ರಣಕ್ಕೆ ಆದೇಶ ಕೊಡುವವರು ಒಂದು ಗೀಟಿನಿಂದ ಎಷ್ಟು ಕಾಗದ ಹಾಳು ಮಾಡಬಹುದು! ಸಂಖ್ಯೆ ಹೀಗೆ ಮುಂದಿನ ಪದದ ಜೊತೆ ಸೇರಿ ವಿಶೇಷಣವಾದಾಗ ಎಲ್ಲವನ್ನೂ ಹೈಫನ್ನಿನಿಂದ ಕಟ್ಟಬೇಕು, ಆ ಮುಂದಿನ ಪದವನ್ನು ಏಕವಚನದಲ್ಲಿಡಬೇಕು. ‘ಫೈವ್-ಹಂಡ್ರೆಡ್-ಪೇಜ್ ಬುಕ್’ ಸರಿ, ‘ಪೇಜಸ್’ ಅಲ್ಲ.

ಲಕ್ಷಣ: ‘ಫೈವ್ ಥೌಸಂಡ್ಸ್ ಬುಕ್’ ಎಂಬಂಥ ವಾಕ್ಯ ಬಂದಿದೆ

ಬಹುವಚನದ ಎಸ್ ಇದೆ, ಕೂತ ಜಾಗ ತಪ್ಪಿದೆ. ಕನ್ನಡದಲ್ಲಿ ‘ಐದು ಸಾವಿರ ಪುಸ್ತಕ’ ಎಂದರೆ ಸಾಕು, ಪುಸ್ತಕಗಳು ಎನ್ನಲೇಬೇಕೆಂದಿಲ್ಲ. ಇಂಗ್ಲಿಷ್ ವಸ್ತುವಿಗೆ ಬಹುವಚನ ಕೇಳುತ್ತದೆ, ಎಣಿಕೆಯ ಪದಕ್ಕೆ ಕೇಳುವುದಿಲ್ಲ: ‘ಫೈವ್ ಥೌಸಂಡ್ ಬುಕ್ಸ್’. ಹಂಡ್ರೆಡ್, ಥೌಸಂಡ್, ಮಿಲಿಯನ್, ಬಿಲಿಯನ್‌ಗಳ ಹಿಂದೆ ನಿರ್ದಿಷ್ಟ ಸಂಖ್ಯೆ ಇದ್ದರೆ ಅವಕ್ಕೆ ಎಸ್ ಹತ್ತುವುದಿಲ್ಲ, ಅವುಗಳ ಮುಂದೆ ‘ಆಫ್’ ಕೂಡ ಬರುವುದಿಲ್ಲ. ‘ಟೆನ್ ಲಾಖ್ಸ್’ ಎಂಬ ಬಳಕೆ ವ್ಯಾಪಕವಾಗಿದೆ, ಆದರೂ ‘ಟೆನ್ ಲಾಖ್’ ಎಂದರೆ ಯಾರೂ ಬೆರಳು ತೋರಿಸುವುದಿಲ್ಲ.

ಹಾಗಾದರೆ ‘ಥೌಸಂಡ್ಸ್ ಆಫ್’ ಯಾವಾಗ? ನಿಮ್ಮ ಮನಸ್ಸಿನ ಕನ್ನಡವನ್ನೇ ಕೇಳಿ. ನೂರಾರು, ಸಾವಿರಾರು ಎಂದು ಹೇಳುವಲ್ಲಿ ಎಸ್ ಮತ್ತು ಆಫ್ ಎರಡೂ ಬೇಕು: ಹಂಡ್ರೆಡ್ಸ್ ಆಫ್, ಥೌಸಂಡ್ಸ್ ಆಫ್. ನೂರು, ಸಾವಿರ ಎಂದು ಹೇಳುವಲ್ಲಿ ಎರಡೂ ಬೇಡ. ‘ಕೆಲವು ಸಾವಿರ ಜನ’ ಎಂಬುದನ್ನು ಹಾಕಿ ನೋಡಿ. ಇಲ್ಲಿ ನಾವು ಸಾವಿರಾರು ಎನ್ನುವುದಿಲ್ಲ, ಇಂಗ್ಲಿಷೂ ‘ಸೆವೆರಲ್ ಥೌಸಂಡ್ ಪೀಪಲ್’ ಎಂದೇ ಹೇಳುತ್ತದೆ. ಈ ಪರೀಕ್ಷೆ ಸೋತದ್ದನ್ನು ನಾನು ಕಂಡದ್ದು ತೀರ ಕಡಿಮೆ.

ಇಲ್ಲೇ ಇನ್ನೊಂದು ಗುಂಡಿ ಇದೆ. ‘ಲಕ್ಷಾಂತರ ಜನ’ ಎಂಬುದನ್ನು ‘ಮಿಲಿಯನ್ಸ್ ಆಫ್ ಪೀಪಲ್’ ಎಂದು ಅನುವಾದಿಸಿದ ಕರಡುಗಳು ನನ್ನ ಮೇಜಿನ ಮೇಲೆ ಆಗಾಗ ಬಂದು ಬೀಳುತ್ತವೆ. ಮಿಲಿಯನ್ ಎಂದರೆ ಹತ್ತು ಲಕ್ಷ. ಒಂದು ಪದದಲ್ಲಿ ಜನಸಂದಣಿ ಹತ್ತು ಪಟ್ಟು ಹಿಗ್ಗಿತು. ಲಕ್ಷಾಂತರಕ್ಕೆ ‘ಹಂಡ್ರೆಡ್ಸ್ ಆಫ್ ಥೌಸಂಡ್ಸ್ ಆಫ್’ ಎಂಬುದೇ ಸರಿಸಾಟಿ. ಉದ್ದವಾಯಿತೆಂದು ಮುಖ ಸಿಂಡರಿಸಬೇಡಿ. ಕೋಟ್ಯಂತರಕ್ಕೆ ‘ಟೆನ್ಸ್ ಆಫ್ ಮಿಲಿಯನ್ಸ್ ಆಫ್’.

ಲಕ್ಷಣ: ಸಿಕ್ಕ ಸಿಕ್ಕ ಕಡೆ ‘ಆ್ಯಂಡ್’ ನುಸುಳಿದೆ

ಅತಿ ಹೆಚ್ಚು ಜನರನ್ನು ಕಾಡುವ ದೋಷ ಇದು, ಇದರ ಬೇರು ಕನ್ನಡದಲ್ಲೇ ಇದೆ. 1,250 ಎಂಬುದನ್ನು ನಾವು ‘ಸಾವಿರದ ಇನ್ನೂರ ಐವತ್ತು’ ಎನ್ನುತ್ತೇವೆ. ಸಾವಿರಕ್ಕೆ ‘ದ’ ಅಂಟಿತು, ಇನ್ನೂರು ಎಂಬುದು ‘ಇನ್ನೂರ’ ಆಯಿತು. ನಮ್ಮಲ್ಲಿ ಪ್ರತಿ ಬೆಸುಗೆಯಲ್ಲೂ ಷಷ್ಠಿಯ ಒಂದು ಕೊಂಡಿ ಇರುತ್ತದೆ. ಕೈ ಆ ಕೊಂಡಿಯನ್ನು ಇಂಗ್ಲಿಷಿನಲ್ಲಿ ಹುಡುಕುತ್ತದೆ, ಸಿಕ್ಕಿದ್ದು ‘ಆ್ಯಂಡ್’. ಫಲ: ‘ಒನ್ ಥೌಸಂಡ್ ಆ್ಯಂಡ್ ಟೂ ಹಂಡ್ರೆಡ್ ಆ್ಯಂಡ್ ಫಿಫ್ಟಿ’.

ಇಂಗ್ಲಿಷಿನಲ್ಲಿ ಈ ಎರಡು ಕೊಂಡಿಗಳ ಪೈಕಿ ಒಂದಕ್ಕೆ ಮಾತ್ರ ಜಾಗ. ‘ನೂರ’ ಎಂದಲ್ಲಿ ಆ್ಯಂಡ್ ಉಂಟು. ‘ಸಾವಿರದ’, ‘ಲಕ್ಷದ’ ಎಂದಲ್ಲಿ ಇಲ್ಲ. ಹಾಗಾಗಿ ‘ಒನ್ ಥೌಸಂಡ್ ಟೂ ಹಂಡ್ರೆಡ್ ಆ್ಯಂಡ್ ಫಿಫ್ಟಿ’. ಸಾವಿರದ ಐನೂರು ಎಂಬುದು ‘ಒನ್ ಥೌಸಂಡ್ ಫೈವ್ ಹಂಡ್ರೆಡ್’, ಅಷ್ಟೆ. ಐದು ಲಕ್ಷದ ಮೂರು ಸಾವಿರ ಎಂಬುದು ‘ಫೈವ್ ಲಾಖ್ ಥ್ರೀ ಥೌಸಂಡ್’.

ಒಂದೇ ಒಂದು ವಿನಾಯಿತಿ. ಕೊನೆಯ ಬೋಗಿಯಲ್ಲಿ ನೂರರ ಸ್ಥಾನ ಖಾಲಿ ಇದ್ದು, ಹತ್ತರಲ್ಲೋ ಬಿಡಿಯಲ್ಲೋ ಏನಾದರೂ ಇದ್ದರೆ ಅದರ ಹಿಂದೆ ಆ್ಯಂಡ್ ಬರುತ್ತದೆ. 1,005 ಎಂದರೆ ‘ಒನ್ ಥೌಸಂಡ್ ಆ್ಯಂಡ್ ಫೈವ್’. 1,000,005 ಎಂದರೆ ‘ಒನ್ ಮಿಲಿಯನ್ ಆ್ಯಂಡ್ ಫೈವ್’. ಬಾರದೆ ಹೋದ ನೂರಿನ ಕುರ್ಚಿಯನ್ನು ಅದು ಕಾಯುತ್ತಿದೆ ಎಂದುಕೊಳ್ಳಿ.

ಇಲ್ಲಿಯವರೆಗೆ ಹೇಳಿದ್ದು ಬ್ರಿಟಿಷ್ ರೂಢಿ. ಅಮೆರಿಕದ ರೂಢಿಯಲ್ಲಿ ನೂರರ ಮುಂದೆಯೂ ಆ್ಯಂಡ್ ಬಿಡುವುದುಂಟು: ‘ಒನ್ ಹಂಡ್ರೆಡ್ ಫೈವ್’. ಅಲ್ಲಿನ ಗಣಿತದ ತರಗತಿಗಳಲ್ಲಿ ಆ್ಯಂಡ್ ಎಂಬುದನ್ನು ದಶಮಾಂಶ ಬಿಂದುವಿಗೆ ಮೀಸಲಿಡಲು ಕಲಿಸುತ್ತಾರೆ. ಎರಡೂ ಸರಿಯೇ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಿದರೆ ಮಾತ್ರ ತಪ್ಪು. ವಿನೋದಕ್ಕೆ ಹೇಳುವುದಾದರೆ, ಅಮೆರಿಕದ ರೂಢಿಯಲ್ಲಿ ಸೊನ್ನೆಯಿಂದ 999ರವರೆಗೆ ಎಲ್ಲ ಸಂಖ್ಯೆಗಳನ್ನೂ ಅಕ್ಷರದಲ್ಲಿ ಬರೆದರೂ ಎ ಎಂಬ ಅಕ್ಷರ ಒಮ್ಮೆಯೂ ಬರುವುದಿಲ್ಲ, ಥೌಸಂಡ್‌ನಲ್ಲೇ ಅದರ ಮೊದಲ ದರ್ಶನ. ಬ್ರಿಟಿಷ್ ರೂಢಿಯಲ್ಲಿ 101ಕ್ಕೇ ಬಂದುಬಿಡುತ್ತದೆ, ಆ್ಯಂಡ್‌ನ ಕೃಪೆಯಿಂದ.

ಲಕ್ಷಣ: ಸಂಖ್ಯೆ ಸರಿಯಿದೆ, ವಾಕ್ಯದಲ್ಲಿ ಕೂರಿಸಿದರೆ ಮುಗ್ಗರಿಸುತ್ತದೆ

ಇಲ್ಲಿನ ತೊಡಕುಗಳು ಚಿಕ್ಕವು. ಹಣ, ದೂರ, ಕಾಲಗಳನ್ನು ಒಂದು ಮೊತ್ತವೆಂದು ನೋಡಿದಾಗ ಕ್ರಿಯಾಪದ ಏಕವಚನ: ‘ಫೈವ್ ಮಿಲಿಯನ್ ಡಾಲರ್ಸ್ ಈಸ್’. ಜನರನ್ನು, ಮರಗಳನ್ನು, ಬಿಡಿಬಿಡಿಯಾಗಿ ಎಣಿಸುವಂಥವನ್ನು ಹೇಳುವಾಗ ಬಹುವಚನ: ‘ಫೈವ್ ಮಿಲಿಯನ್ ಪೀಪಲ್ ಆರ್’. ವಾಕ್ಯದ ಮೊದಲಿಗೆ ಅಂಕಿ ಹಾಕುವುದು ಇಂಗ್ಲಿಷಿನಲ್ಲಿ ಒಳ್ಳೆಯ ಬರವಣಿಗೆ ಎನ್ನಿಸಿಕೊಳ್ಳುವುದಿಲ್ಲ. ಅಕ್ಷರದಲ್ಲಿ ಬರೆಯಬೇಕು, ತುಂಬ ಉದ್ದವಾದರೆ ವಾಕ್ಯವನ್ನೇ ತಿರುಗಿಸಿ ಸಂಖ್ಯೆಯನ್ನು ಒಳಗೆ ತಳ್ಳಬೇಕು. ‘ಒನ್’ ಬದಲು ‘ಎ’ ಬಳಸುವುದಾದರೆ ಸಂಖ್ಯೆಯ ತಲೆಯಲ್ಲಿ ಮಾತ್ರ: ‘ಎ ಹಂಡ್ರೆಡ್’ ಸರಿ, ‘ಥ್ರೀ ಥೌಸಂಡ್ ಎ ಹಂಡ್ರೆಡ್’ ತಪ್ಪು. ನೆಯ ಎಂಬರ್ಥದ ರೂಪ ಕೊನೆಯ ಪದಕ್ಕೆ ಮಾತ್ರ ಬರುತ್ತದೆ, 231ನೆಯದು ‘ಟೂ ಹಂಡ್ರೆಡ್ ಆ್ಯಂಡ್ ಥರ್ಟಿ-ಫಸ್ಟ್’.

ಎಲ್ಲಿಯವರೆಗೆ ಅಕ್ಷರ, ಎಲ್ಲಿಂದ ಅಂಕಿ ಎಂಬುದು ವ್ಯಾಕರಣದ ಪ್ರಶ್ನೆಯಲ್ಲ, ಶೈಲಿಯದು. ಸುದ್ದಿಬರಹದಲ್ಲಿ ಸಾಮಾನ್ಯವಾಗಿ ಒಂಬತ್ತರವರೆಗೆ ಅಕ್ಷರ. ಪುಸ್ತಕಗಳಲ್ಲಿ ನೂರರವರೆಗೂ ಒಯ್ಯುವವರಿದ್ದಾರೆ. ದೊಡ್ಡ ಸಂಖ್ಯೆಗೆ ‘4.7 ಮಿಲಿಯನ್’ ಎಂಬ ಮಿಶ್ರ ರೂಪ ಎಲ್ಲ ಕಡೆಯೂ ಸಲ್ಲುತ್ತದೆ. ಕಾನೂನು ಪತ್ರವಲ್ಲದಿದ್ದರೆ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ.

ಲಕ್ಷಣ: ಅಕ್ಷರದಿಂದ ಮತ್ತೆ ಅಂಕಿಗೆ ಬಂದರೆ ಮೊದಲಿನ ಸಂಖ್ಯೆ ಸಿಗುವುದಿಲ್ಲ

ಈಗ ಗಂಭೀರ ದೋಷಗಳ ಸರದಿ. ಇಲ್ಲಿಯವರೆಗಿನ ತಪ್ಪುಗಳು ನಗೆಪಾಟಲು ಮಾಡುತ್ತವೆ. ಇನ್ನು ಮುಂದಿನವು ಬೆಲೆಯನ್ನೇ ಬದಲಿಸುತ್ತವೆ.

3,040,006 ಎಂಬುದನ್ನು ತೆಗೆದುಕೊಳ್ಳಿ. ಅವಸರದಲ್ಲಿ ಬರೆದವರು ‘ಥ್ರೀ ಮಿಲಿಯನ್ ಫೋರ್ ಹಂಡ್ರೆಡ್ ಆ್ಯಂಡ್ ಸಿಕ್ಸ್’ ಎಂದಿರುತ್ತಾರೆ. ಸೊನ್ನೆಗಳಿಗೆ ಪದವಿಲ್ಲವಾದ್ದರಿಂದ ಓದುವ ಕಣ್ಣು ಅವುಗಳನ್ನು ಹಾರಿಬಿಡುತ್ತದೆ, ಥೌಸಂಡ್ ಬೋಗಿಯೇ ಕಳಚಿಹೋಗುತ್ತದೆ. ಪರೀಕ್ಷೆ ಹೀಗೆ: ಬರೆದ ಪದಗಳನ್ನಷ್ಟೇ ನೋಡುತ್ತ ಹೊಸ ಕಾಗದದಲ್ಲಿ ಅಂಕಿ ಬರೆಯಿರಿ. ಮೊದಲ ಬೋಗಿಯನ್ನು ಬಿಟ್ಟು ಉಳಿದ ಪ್ರತಿ ಬೋಗಿಯಲ್ಲೂ ಮೂರು ಅಂಕಿ ಇರಲೇಬೇಕು, ಕಡಿಮೆಯಾದರೆ ಎಡಗಡೆ ಸೊನ್ನೆ ತುಂಬಿ. ಮೇಲಿನ ತಪ್ಪು ಪದಗಳಿಂದ ಬರುವುದು 3,000,406. ಮೂಲ ಸಂಖ್ಯೆಯ ಪಕ್ಕ ಇಟ್ಟರೆ ಗುಟ್ಟು ರಟ್ಟು. ಸರಿಯಾದದ್ದು ‘ಥ್ರೀ ಮಿಲಿಯನ್ ಫಾರ್ಟಿ ಥೌಸಂಡ್ ಆ್ಯಂಡ್ ಸಿಕ್ಸ್’. ಪೂರ್ತಿ ಸೊನ್ನೆಯಿರುವ ಬೋಗಿಯ ಹೆಸರನ್ನು ಮಾತ್ರ ಹೇಳುವುದಿಲ್ಲ.

ಲಕ್ಷದ ಪದ್ಧತಿಯಲ್ಲಿ ನಡುವಿನ ಬೋಗಿಗಳಲ್ಲಿ ಎರಡೆರಡೇ ಅಂಕಿ ಎಂಬುದನ್ನು ಮರೆಯಬೇಡಿ. ಕೋಟಿಯ ಬೋಗಿ ಎಷ್ಟು ಉದ್ದವಾದರೂ ಆಗಬಹುದು, ‘ಒನ್ ಹಂಡ್ರೆಡ್ ಆ್ಯಂಡ್ ಟ್ವೆಂಟಿ-ತ್ರೀ ಕ್ರೋರ್’ ಎನ್ನುವುದಕ್ಕೆ ಅಡ್ಡಿಯಿಲ್ಲ.

ಫೋನಿನಲ್ಲಿ ಕೇಳಿ ಬರೆದ ಸಂಖ್ಯೆಯಾದರೆ ಇನ್ನೊಂದು ಅನುಮಾನ ಇಟ್ಟುಕೊಳ್ಳಿ. ಥರ್ಟೀನ್ ಮತ್ತು ಥರ್ಟಿ, ಫಿಫ್ಟೀನ್ ಮತ್ತು ಫಿಫ್ಟಿ ಕಿವಿಗೆ ಒಂದೇ ತೆರನಾಗಿ ಬೀಳುತ್ತವೆ. ‘ಒಂದು, ಐದು’ ಎಂದು ಬಿಡಿ ಅಂಕಿಗಳಲ್ಲಿ ಹೇಳಿಸಿಕೊಳ್ಳುವವರೆಗೆ ಬರೆಯಬೇಡಿ.

ಲಕ್ಷಣ: ದಶಮಾಂಶ ಬಂದ ಕೂಡಲೇ ಲೆಕ್ಕ ತಪ್ಪುತ್ತದೆ

2.5 ಮಿಲಿಯನ್ ಎಂಬುದನ್ನು ‘ಟೂ ಮಿಲಿಯನ್ ಫೈವ್ ಥೌಸಂಡ್’ ಎಂದು ಬಿಡಿಸಿದವರಿದ್ದಾರೆ. ಬಿಂದುವಿನ ಬಲಗಡೆಯದು ಮಿಲಿಯನ್ನಿನ ಭಾಗ. ಅರ್ಧ ಮಿಲಿಯನ್ ಎಂದರೆ ಐದು ನೂರು ಸಾವಿರ. ಮೂರು ಅಂಕಿ ತುಂಬುವವರೆಗೆ ಬಲಕ್ಕೆ ಸೊನ್ನೆ ಸೇರಿಸಿ ಓದಿ. 2.5 ಎಂಬುದು 2.500 ಆಯಿತು: ಟೂ ಮಿಲಿಯನ್ ಫೈವ್ ಹಂಡ್ರೆಡ್ ಥೌಸಂಡ್. 2.05 ಎಂಬುದು 2.050: ಟೂ ಮಿಲಿಯನ್ ಫಿಫ್ಟಿ ಥೌಸಂಡ್. ಲಕ್ಷಕ್ಕಾದರೆ ಎರಡು ಅಂಕಿ ತುಂಬಿದರೆ ಸಾಕು. 2.5 ಲಕ್ಷ ಎಂದರೆ 2,50,000; 2.05 ಲಕ್ಷ ಎಂದರೆ 2,05,000.

ಹಾಗೆಯೇ ಉಚ್ಚರಿಸುವುದಾದರೆ ಬಿಂದುವಿನ ನಂತರದ ಅಂಕಿಗಳನ್ನು ಒಂದೊಂದಾಗಿ ಹೇಳಬೇಕು, 4.75 ಮಿಲಿಯನ್ ‘ಫೋರ್ ಪಾಯಿಂಟ್ ಸೆವೆನ್ ಫೈವ್ ಮಿಲಿಯನ್’. ನಮ್ಮ ಎರಡೂವರೆ ಲಕ್ಷಕ್ಕೆ ‘ಟೂ ಆ್ಯಂಡ್ ಎ ಹಾಫ್ ಲಾಖ್’. ನಡುವಿನ ‘ಎ’ ಬಿಡುವ ಅಭ್ಯಾಸ ಬಲವಾಗಿದೆ, ಬಿಡಬೇಡಿ. ದಾಖಲೆಯಲ್ಲಾದರೆ ಅರ್ಧ, ಕಾಲು, ಮುಕ್ಕಾಲು ಯಾವುದೂ ಬೇಡ, ಪೂರ್ತಿ ಬಿಡಿಸಿ ಬರೆಯಿರಿ.

ಸಂಖ್ಯೆ ಜರ್ಮನ್ ದಾಖಲೆಯಿಂದ ಬಂದಿದ್ದರೆ ಎಚ್ಚರ. ಅಲ್ಲಿ ಚುಕ್ಕಿ ಬೋಗಿಗಳನ್ನು ಬೇರ್ಪಡಿಸುತ್ತದೆ, ಅಲ್ಪವಿರಾಮವೇ ದಶಮಾಂಶ. 1.234.567,89 ಎಂದರೆ ನಮ್ಮ ಬರಹದಲ್ಲಿ 1,234,567.89.

ಲಕ್ಷಣ: ಒಂದೇ ಸಾಲಿನಲ್ಲಿ ಲಾಖ್ ಕೂಡ ಇದೆ, ಮಿಲಿಯನ್ ಕೂಡ ಇದೆ

‘ಟೂ ಮಿಲಿಯನ್ ಫೈವ್ ಲಾಖ್’ ಎಂಬುದು ಎರಡು ಅಳತೆಪಟ್ಟಿಗಳನ್ನು ಮಧ್ಯದಲ್ಲಿ ಅಂಟಿಸಿದಂತೆ. ಸಾವಿರದವರೆಗೆ ಎರಡೂ ಪದ್ಧತಿಗಳ ದಾರಿ ಒಂದೇ, ಅಲ್ಲಿಂದ ಮೇಲೆ ಕವಲೊಡೆಯುತ್ತದೆ. ತಿದ್ದುವ ಮೊದಲು ಓದುಗ ಯಾರು ಎಂದು ಕೇಳಿಕೊಳ್ಳಿ. ಲಕ್ಷ-ಕೋಟಿ ಗೊತ್ತಿರುವವರಿಗೆ ಲಾಖ್, ಕ್ರೋರ್ ಇಂಗ್ಲಿಷಿನಲ್ಲೂ ಸಲ್ಲುವ ಪದಗಳೇ, ಅವಕ್ಕೆ ನಾಚಿಕೆಪಡಬೇಕಾಗಿಲ್ಲ. ಜಗತ್ತಿನ ಉಳಿದವರಿಗೆ ಅವು ಅರ್ಥವಾಗವು. ಒಂದನ್ನು ಆರಿಸಿ ಕೊನೆಯವರೆಗೆ ಅದರಲ್ಲೇ ಇರಿ, ಅಂಕಿಯ ಅಲ್ಪವಿರಾಮವೂ ಅದನ್ನೇ ಅನುಸರಿಸಲಿ. 12,34,567 ಎಂದು ಬರೆದು ಪಕ್ಕದಲ್ಲಿ ಮಿಲಿಯನ್ ಎಂದರೆ ಓದುಗನಿಗೆ ಅನುಮಾನ ಹುಟ್ಟುತ್ತದೆ, ಹುಟ್ಟಲೂ ಬೇಕು.

ಬದಲಾಯಿಸಲು ಇಷ್ಟು ಸಾಕು. ಒಂದು ಮಿಲಿಯನ್ ಎಂದರೆ 10 ಲಕ್ಷ. ಹತ್ತು ಮಿಲಿಯನ್ ಎಂದರೆ ಒಂದು ಕೋಟಿ. ಒಂದು ಬಿಲಿಯನ್ ಎಂದರೆ 100 ಕೋಟಿ. ಒಂದು ಟ್ರಿಲಿಯನ್ ಎಂದರೆ ಒಂದು ಲಕ್ಷ ಕೋಟಿ. ಆದರೂ ಬಾಯಿಲೆಕ್ಕದಲ್ಲಿ ಪದದಿಂದ ಪದಕ್ಕೆ ಹಾರಬೇಡಿ. ಎಲ್ಲ ಸೊನ್ನೆಗಳೊಂದಿಗೆ ಅಂಕಿಯಲ್ಲಿ ಬರೆದು, ಅಲ್ಪವಿರಾಮಗಳನ್ನು ಅಳಿಸಿ, ಹೊಸ ಪದ್ಧತಿಯವನ್ನು ಹಾಕಿ, ಆಮೇಲೆ ಓದಿ. ನಾನು ಇಂದಿಗೂ ಹೀಗೆಯೇ ಮಾಡುವುದು.

ಲಕ್ಷಣ: ಹಳೆಯ ಪುಸ್ತಕದ ಬಿಲಿಯನ್ ಇಂದಿನ ಲೆಕ್ಕಕ್ಕೆ ಹೊಂದುತ್ತಿಲ್ಲ

ಬರೆದವರ ತಪ್ಪೇ ಆಗಿರಬೇಕೆಂದಿಲ್ಲ. ಬಿಲಿಯನ್, ಟ್ರಿಲಿಯನ್‌ಗಳ ಹಳೆಯ ರೂಪಗಳು ಫ್ರೆಂಚ್ ಗಣಿತಜ್ಞ ನಿಕೋಲಾ ಶೂಕೆ 1484ರಲ್ಲಿ ಬರೆದ ಹಸ್ತಪ್ರತಿಯಲ್ಲಿವೆ. ಅವನ ಲೆಕ್ಕದಲ್ಲಿ ಬಿಲಿಯನ್ ಎಂದರೆ ಮಿಲಿಯನ್ ಮಿಲಿಯನ್, ಒಂದರ ಮುಂದೆ 12 ಸೊನ್ನೆ. ಬ್ರಿಟನ್ನಿನಲ್ಲಿ ಬಹುಕಾಲ ನಡೆದದ್ದು ಈ ಅರ್ಥವೇ. ಅಮೆರಿಕದಲ್ಲಿ 9 ಸೊನ್ನೆಯ ಬಿಲಿಯನ್ ನಿಂತಿತು. 1974ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ಅಂಕಿಅಂಶಗಳಲ್ಲಿ 9 ಸೊನ್ನೆಯ ಅರ್ಥವನ್ನೇ ಒಪ್ಪಿಕೊಂಡಿತು. ಹೀಗಾಗಿ ಅದಕ್ಕೂ ಮೊದಲಿನ ಬ್ರಿಟಿಷ್ ಬರಹದಲ್ಲಿ ಬಿಲಿಯನ್ ಕಂಡರೆ ಸುತ್ತಮುತ್ತಲಿನ ಅಂಕಿಗಳಿಂದ ಅರ್ಥ ಖಚಿತಪಡಿಸಿಕೊಳ್ಳಿ.

ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳಲ್ಲಿ ಆ ಪದಕ್ಕೆ ಇಂದಿಗೂ 12 ಸೊನ್ನೆ. ಜರ್ಮನ್ನಿನ ‘ಮಿಲಿಯಾರ್ಡೆ’ ಇಂಗ್ಲಿಷಿನ ಬಿಲಿಯನ್, ಜರ್ಮನ್ನಿನ ‘ಬಿಲಿಯೋನ್’ ಇಂಗ್ಲಿಷಿನ ಟ್ರಿಲಿಯನ್. ಹೆಸರು ನೋಡಿ ಅನುವಾದಿಸಿದರೆ ಸಾವಿರ ಪಟ್ಟು ವ್ಯತ್ಯಾಸ. ಮೂಲದಲ್ಲಿ ಅಂಕಿ ಇಲ್ಲದೆ ಬರೀ ಪದವಿದ್ದು, ಸಂದರ್ಭದಿಂದಲೂ ತಿಳಿಯದಿದ್ದರೆ ಅಲ್ಲಿಗೆ ನಿಲ್ಲಿಸಿ, ಬರೆದವರನ್ನೇ ಕೇಳಿ. ಊಹೆ ಮಾಡುವ ಜಾಗ ಅದಲ್ಲ.

ಯಂತ್ರಕ್ಕೆ ಬಿಟ್ಟುಕೊಡುವ ಮುನ್ನ

ಎಕ್ಸೆಲ್‌ನಲ್ಲಿ ಥಾಯ್ ಭಾಷೆಯ ಅಕ್ಷರದಲ್ಲಿ ಮೊತ್ತ ಬರೆಯಲು ಬಾತ್‌ಟೆಕ್ಸ್ಟ್ ಎಂಬ ಸೂತ್ರವಿದೆ. ಇಂಗ್ಲಿಷಿಗೆ ಅಂಥ ಸಿದ್ಧ ಸೂತ್ರವಿಲ್ಲ. ಮೈಕ್ರೋಸಾಫ್ಟ್ ಮಾದರಿಯಾಗಿ ಕೊಟ್ಟಿರುವ ಸ್ಪೆಲ್‌ನಂಬರ್ ಎಂಬ ಕೋಡನ್ನು ಅನೇಕರು ಅಂಟಿಸಿಕೊಂಡು ಬಳಸುತ್ತಾರೆ. ಅದು ಡಾಲರು-ಸೆಂಟುಗಳಲ್ಲಿ, ಮಿಲಿಯನ್ ಪದ್ಧತಿಯಲ್ಲಿ ಬರೆಯುತ್ತದೆ. ನೂರರ ಮುಂದೆ ಆ್ಯಂಡ್ ಹಾಕುವುದಿಲ್ಲ, ಹೈಫನ್ನೂ ಹಾಕುವುದಿಲ್ಲ. ಯಾವ ಪರಿವರ್ತಕವಾದರೂ ಸರಿ, 1,005, 3,040,006, 40,715,032 ಈ ಮೂರನ್ನು ಕೊಟ್ಟು ನೋಡಿ. ಅದರ ರೂಢಿ ಯಾವುದು, ಸೊನ್ನೆಯಲ್ಲಿ ಎಡವುತ್ತದೆಯೇ ಎಂಬುದು ಕೂಡಲೇ ತಿಳಿಯುತ್ತದೆ.

ಇಲ್ಲಿಗೆ ನಿಲ್ಲಿಸಿ: ಚೆಕ್ಕು, ಕ್ರಯಪತ್ರ, ಉಯಿಲು

ಅಂಕಿ ಒಂದು ಹೇಳಿ ಅಕ್ಷರ ಇನ್ನೊಂದು ಹೇಳಿದರೆ ಯಾವುದು ನಿಲ್ಲುತ್ತದೆ? ಅಂಕಿ ಎಂದೇ ಬಹುಪಾಲು ಜನರ ಊಹೆ. ಕಾನೂನು ಅಕ್ಷರದ ಪರ. ಭಾರತದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 18ನೇ ಕಲಮು ಹೇಳುವುದು ಅದನ್ನೇ. ಬ್ರಿಟನ್ನಿನ 1882ರ ಬಿಲ್ಸ್ ಆಫ್ ಎಕ್ಸ್‌ಚೇಂಜ್ ಕಾಯಿದೆಯ 9ನೇ ಕಲಮೂ ಅದನ್ನೇ ಹೇಳುತ್ತದೆ. ವ್ಯವಹಾರದಲ್ಲಿ ಬ್ಯಾಂಕು ಅಂಥ ಚೆಕ್ಕನ್ನು ಹಿಂದಿರುಗಿಸಲೂಬಹುದು. ಹೇಗೂ ನಷ್ಟ ನಿಮ್ಮದೇ.

ಹಾಗಾಗಿ ಚೆಕ್ಕಿನಲ್ಲಿ ಅಕ್ಷರದ ಸಾಲನ್ನು ಎಡ ಅಂಚಿಗೆ ತಾಗಿಸಿ ಶುರು ಮಾಡಿ, ಪದಗಳ ನಡುವೆ ಸಡಿಲ ಬಿಡಬೇಡಿ, ಕೊನೆಗೆ ‘ಓನ್ಲಿ’ ಬರೆದು ಉಳಿದ ಜಾಗಕ್ಕೆ ಗೆರೆ ಎಳೆಯಿರಿ. ಇದು ಬರೀ ಶಿಷ್ಟಾಚಾರವಲ್ಲ. ಎಯ್ಟ್ ಎಂಬ ಪದದ ಮುಂದೆ ಜಾಗ ಸಿಕ್ಕರೆ ವೈ ಎಂಬ ಒಂದೇ ಅಕ್ಷರ ಸೇರಿಸಿ ಎಯ್ಟಿ ಮಾಡಬಹುದು. ಸಿಕ್ಸ್, ಸೆವೆನ್, ನೈನ್‌ಗಳಿಗೆ ಟಿ ಮತ್ತು ವೈ ಎರಡನ್ನು ಸೇರಿಸಿದರೆ ಅರವತ್ತು, ಎಪ್ಪತ್ತು, ತೊಂಬತ್ತು. ಫೋರ್ ಇದಕ್ಕೆ ಬಗ್ಗುವುದಿಲ್ಲ, ಏಕೆಂದರೆ ನಲವತ್ತರಲ್ಲಿ ಯು ಇಲ್ಲ. ಹಾಗೆ ತಿದ್ದಿದವನು ಕಾಗುಣಿತದಲ್ಲಿ ಸಿಕ್ಕಿಬೀಳುತ್ತಾನೆ.

ಬರೆದ ಮೇಲೆ ತಪ್ಪು ಕಂಡರೆ ಒಂದರ ಮೇಲೊಂದು ಬರೆಯಬೇಡಿ, ಬಿಳಿ ಬಳಿಯಬೇಡಿ. ಆ ಚೆಕ್ಕನ್ನು ರದ್ದುಗೊಳಿಸಿ ಹೊಸದು ಬರೆಯಿರಿ. ಸಹಿಯಾದ ಕರಾರುಪತ್ರ, ನೋಂದಣಿಯಾದ ಕ್ರಯಪತ್ರ, ಉಯಿಲುಗಳಲ್ಲಿ ತಪ್ಪು ಕಂಡರೆ ಈ ಕೈಪಿಡಿಯನ್ನು ಮುಚ್ಚಿಟ್ಟು ವಕೀಲರ ಬಳಿ ಹೋಗಿ. ಅಲ್ಲಿ ಒಂದು ಆ್ಯಂಡ್ ತೆಗೆಯುವುದೂ ದಾಖಲೆಯನ್ನು ತಿದ್ದಿದಂತೆಯೇ. ಹೋಗುವಾಗ ಮೂಲ ಪತ್ರದ ನಕಲಿನ ಜೊತೆ, ಬೋಗಿ ಬೋಗಿಯಾಗಿ ಬಿಡಿಸಿದ ಸರಿಯಾದ ಸಂಖ್ಯೆಯ ಆ ಚೂರು ಕಾಗದವನ್ನೂ ತೆಗೆದುಕೊಂಡು ಹೋಗಿ.